ಕಡಿಮೆ ಖರ್ಚಿನಲ್ಲಿ ಹಳೆಯ ಬೈಕನ್ನು ಕಸ್ಟಮ್ ಮಾಡುವುದು: ಮೊದಲ ಬಾರಿಗೆ ಕೈಹಾಕುವವರಿಗೆ ಹಂತ ಹಂತದ ಮಾರ್ಗದರ್ಶಿ

ಹಳೆಯ ಬೈಕೊಂದನ್ನು ತಂದು ತಮಗೆ ಬೇಕಾದಂತೆ ರೂಪಿಸಲು ಹೊರಡುವ ಹೊಸಬರಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಒಂದೇ ಜಾಗದಲ್ಲಿ. ಗಾಡಿಯನ್ನು ಪೂರ್ತಿ ಬಿಚ್ಚಿ ಡಬ್ಬಗಳಲ್ಲಿ ತುಂಬಿರುತ್ತಾರೆ, ಟ್ಯಾಂಕಿಗೆ ಹೊಸ ಬಣ್ಣ ಬಂದಿರುತ್ತದೆ, ಹೊಸ ಸೀಟೂ ಸಿದ್ಧವಾಗಿರುತ್ತದೆ. ಆದರೆ ಎಂಜಿನ್ ಓಡುತ್ತದೆಯೇ ಎಂಬುದು ಇನ್ನೂ ಗೊತ್ತಿರುವುದಿಲ್ಲ, ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಕೈಚಳಕ ಸಾಲದೆ ಹೀಗಾಗುವುದು ಅಪರೂಪ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದ್ದೇ ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಆದ್ದರಿಂದ ಇಲ್ಲಿ ಅಂದಚಂದದ ಮಾತಿಗಿಂತ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ: ಮೊದಲು ಗಾಡಿ ಓಡಬೇಕು, ನಂತರ ನಿಲ್ಲಬೇಕು, ಆಮೇಲೆ ರೂಪ ಬದಲಾಗಬೇಕು, ಎಲ್ಲಕ್ಕಿಂತ ಕೊನೆಗೆ ಬಣ್ಣ ಬರಬೇಕು.

ಹಂತ 1: ರೂಪವನ್ನು ಕಾಗದದ ಮೇಲೆ, ಹಣವನ್ನು ಭಾಗಗಳಲ್ಲಿ ನಿಲ್ಲಿಸಿ

ಗಾಡಿ ಕೊಳ್ಳುವ ಮೊದಲೇ ಅದು ಕೊನೆಗೆ ಹೇಗೆ ಕಾಣಬೇಕು, ಯಾವ ಕೆಲಸಕ್ಕೆ ಬೇಕು ಎಂಬುದನ್ನು ನಿರ್ಧರಿಸಿ. ತಗ್ಗಿದ ಹ್ಯಾಂಡಲ್‌ನ ಕೆಫೆ ರೇಸರ್, ಎತ್ತರದ ಸೈಲೆನ್ಸರ್ ಮತ್ತು ದಪ್ಪ ಹಲ್ಲಿನ ಟೈರುಗಳ ಸ್ಕ್ರ್ಯಾಂಬ್ಲರ್, ಒಂಟಿ ಸೀಟಿನ ಬಾಬರ್ ಇವೆಲ್ಲ ಬೇರೆ ಬೇರೆ ಖರ್ಚಿನ ದಾರಿಗಳು. ಮೊದಲ ಪ್ರಯತ್ನಕ್ಕೆ ನಾನು ಹೇಳುವುದು ಇಷ್ಟು: ಫ್ರೇಮಿನ ಮುಖ್ಯ ಕೊಳವೆಗಳನ್ನು ಕತ್ತರಿಸದೆ, ಹ್ಯಾಂಡಲ್, ಸೀಟು, ಮಡ್‌ಗಾರ್ಡ್, ದೀಪಗಳು, ಟೈರುಗಳು ಎಂಬ ಐದು ವಿಷಯಗಳನ್ನು ಮಾತ್ರ ಬದಲಿಸಿ ಮುಗಿಸಬಹುದಾದ ರೂಪವನ್ನು ಆರಿಸಿಕೊಳ್ಳಿ. ಗಾಡಿಯ ಪಕ್ಕದ ನೋಟದ ಫೋಟೋ ಮುದ್ರಿಸಿ, ಅದರ ಮೇಲೆ ತೆಳು ಕಾಗದ ಇಟ್ಟು ಹೊಸ ಗೆರೆಗಳನ್ನು ಬರೆದು ನೋಡಿದರೆ ಸೀಟಿನ ಗೆರೆ ಟ್ಯಾಂಕಿನ ತಳದ ಗೆರೆಗೆ ಕೂಡುತ್ತದೆಯೇ ಇಲ್ಲವೇ ಎಂಬುದು ಅಲ್ಲೇ ತಿಳಿಯುತ್ತದೆ.

ಹಣವನ್ನು ನೂರು ಭಾಗವೆಂದು ಎಣಿಸಿಕೊಳ್ಳಿ. ಗಾಡಿಯ ಖರೀದಿಗೆ 40ಕ್ಕಿಂತ ಹೆಚ್ಚು ಹೋಗಬಾರದು. ಟೈರು, ಬ್ರೇಕು, ಬೇರಿಂಗು, ಚೈನು, ಕೇಬಲ್, ಗ್ಯಾಸ್ಕೆಟ್, ಬ್ಯಾಟರಿ, ವೈರು ಇವುಗಳಿಗೆ 35 ಎತ್ತಿಡಿ. ರೂಪ ಮತ್ತು ಬಣ್ಣಕ್ಕೆ 10 ಸಾಕು. ಉಳಿದ 15 ಅನಿರೀಕ್ಷಿತ ಖರ್ಚಿನದು, ಅದನ್ನು ಮೊದಲ ದಿನದಿಂದಲೇ ಮುಟ್ಟಬೇಡಿ. ಹಳೆಯ ಎಂಜಿನ್ ಬಿಚ್ಚಿದಾಗ ಅದು ಬೇಕಾಗಿಯೇ ತೀರುತ್ತದೆ. ಸಲಕರಣೆಗಳ ಖರ್ಚನ್ನು ಈ ನೂರರಲ್ಲಿ ಸೇರಿಸಬೇಡಿ, ಏಕೆಂದರೆ ಅವು ಮುಂದಿನ ಗಾಡಿಗೂ ಉಳಿಯುತ್ತವೆ.

ದೀಪ, ಕನ್ನಡಿ, ಮಡ್‌ಗಾರ್ಡ್, ನಂಬರ್ ಪ್ಲೇಟ್, ಸೈಲೆನ್ಸರ್ ಸದ್ದು ಇವುಗಳ ಬಗ್ಗೆ ನೀವಿರುವಲ್ಲಿನ ನೋಂದಣಿ ನಿಯಮ ಏನು ಹೇಳುತ್ತದೆ ಎಂದು ಈಗಲೇ ಓದಿಕೊಳ್ಳಿ. ರಸ್ತೆಗಿಳಿಸಲಾಗದ ಗಾಡಿಯ ಮೇಲೆ ಸುರಿದ ಹಣ ಮರಳಿ ಬರುವುದಿಲ್ಲ.

ಹಂತ 2: ಗಾಡಿಯ ಆಯ್ಕೆ

ಒಂದೇ ಸಿಲಿಂಡರ್, ಗಾಳಿಯಿಂದ ತಣಿಯುವ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಒಂದೇ, ಬಿಡಿಭಾಗಗಳು ಈಗಲೂ ಹೊಸದಾಗಿ ಸಿಗುವ ಮಾದರಿ: ಈ ನಾಲ್ಕು ಗುಣಗಳು ಕೂಡಿದ್ದರೆ ಹೊಸಬರ ಕೆಲಸ ಅರ್ಧ ಸುಲಭವಾದಂತೆ. ಹೋಂಡಾ ಸಿಜಿ 125, ಸುಜುಕಿ ಜಿಎನ್ 125, ಯಮಹಾ ಎಸ್‌ಆರ್ 400, ರಾಯಲ್ ಎನ್‌ಫೀಲ್ಡ್ ಬುಲೆಟ್ ಈ ಜಾತಿಯವು. ಹೋಂಡಾ ಸಿಬಿ 750ರಂತಹ ನಾಲ್ಕು ಸಿಲಿಂಡರಿನ ಗಾಡಿ ನೋಡಲು ಎಷ್ಟು ಸೊಗಸಾಗಿದ್ದರೂ, ಅಲ್ಲಿ ಸ್ವಚ್ಛ ಮಾಡಬೇಕಾದ ಕಾರ್ಬುರೇಟರುಗಳೂ ನಾಲ್ಕು, ಅವುಗಳನ್ನು ಒಂದಕ್ಕೊಂದು ಹೊಂದಿಸುವ ಕೆಲಸ ಬೇರೆ. ಅದು ಎರಡನೆಯ ಗಾಡಿಯಾಗಿರಲಿ.

ನೋಡಲು ಹೋದಾಗ ಮೊದಲು ಕಾಗದಪತ್ರ, ನಂತರ ಫ್ರೇಮ್, ಕೊನೆಗೆ ಎಂಜಿನ್ ಎಂಬ ಕ್ರಮದಲ್ಲಿ ಪರೀಕ್ಷಿಸಿ. ಫ್ರೇಮಿನ ಮೇಲಿರುವ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ದಾಖಲೆಯಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಸಂಖ್ಯೆಯ ಸುತ್ತ ಉಜ್ಜಿದ ಗುರುತು, ಹೊಸ ಬಣ್ಣದ ತೇಪೆ ಅಥವಾ ಸಾಲು ತಪ್ಪಿದ ಅಂಕಿಗಳು ಕಂಡರೆ ಬೆಲೆ ಎಷ್ಟೇ ಕಡಿಮೆಯಾದರೂ ಅಲ್ಲಿಂದ ಹೊರಡಿ. ಫ್ರೇಮಿನಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಕೆಳಭಾಗವನ್ನು ಬೆರಳಿನಿಂದ ಸವರಿ ನೋಡಿ. ಮುಂದಿನಿಂದ ಜೋರಾಗಿ ಗುದ್ದಿಸಿಕೊಂಡ ಗಾಡಿಯಲ್ಲಿ ಅಲ್ಲಿ ಬಣ್ಣ ಸುಕ್ಕುಗಟ್ಟಿರುತ್ತದೆ ಅಥವಾ ಕೂದಲೆಳೆಯಷ್ಟು ಬಿರುಕಿರುತ್ತದೆ.

ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನಟ್ಟನಡುವೆ ಗುಳಿಗೆ ಬಿದ್ದಂತೆ ನಿಂತರೆ ಸ್ಟಿಯರಿಂಗ್ ಬೇರಿಂಗ್ ಹಾಳಾಗಿದೆ. ಇದು ಸಣ್ಣ ಖರ್ಚು, ಬೆಲೆ ಇಳಿಸಲು ಒಂದು ಕಾರಣ ಮಾತ್ರ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕೊಳವೆ ಸೊಟ್ಟಗಾಗಿದ್ದರೆ ಅಥವಾ ಎಣ್ಣೆ ಸೋರದಂತೆ ತಡೆಯುವ ಸೀಲು ಓಡಾಡುವ ಜಾಗದಲ್ಲಿ ತುಕ್ಕಿನ ಗುಳಿಗಳಿದ್ದರೆ ಅದು ದೊಡ್ಡ ಖರ್ಚು.

ಎಂಜಿನ್ ಓಡದಿದ್ದರೂ ಪರವಾಗಿಲ್ಲ, ಆದರೆ ಕಿಕ್ ಒತ್ತಿದರೆ ತಿರುಗಬೇಕು. ಗಾಡಿ ವರ್ಷಗಟ್ಟಲೆ ನಿಂತದ್ದಾಗಿರದೆ, ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಜೊತೆಗಿದ್ದರೆ ಸ್ಪಾರ್ಕ್ ಪ್ಲಗ್ ತೆಗೆದು, ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು ಹಿಡಿದು ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಸರಿಯಾದ ಅಳತೆ ಆಯಾ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಆರೋಗ್ಯವಾಗಿರುವ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ 120ರಿಂದ 170 ಪಿಎಸ್‌ಐ ತೋರಿಸುತ್ತದೆ. ಕಡಿಮೆ ಬಂದರೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಈಗ ಏರಿದರೆ ಸವೆದಿರುವುದು ಪಿಸ್ಟನ್ ರಿಂಗು ಅಥವಾ ಸಿಲಿಂಡರ್. ಏರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ ಎಂದು ಹುಡುಕಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಬೇರೊಬ್ಬರು ಅರ್ಧ ಬಿಚ್ಚಿಟ್ಟ ಗಾಡಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಕಳೆದುಹೋದ ಬ್ರಾಕೆಟ್, ವಾಷರ್, ಸ್ಪೇಸರ್, ವಿಶೇಷ ಬೋಲ್ಟುಗಳನ್ನು ಒಂದೊಂದಾಗಿ ಕೊಳ್ಳುವ ಹೊತ್ತಿಗೆ ಪೂರ್ತಿ ಗಾಡಿಯ ಬೆಲೆಯನ್ನು ದಾಟಿರುತ್ತೀರಿ.

ಹಂತ 3: ಸಲಕರಣೆಗಳು

ಎಲ್ಲಕ್ಕಿಂತ ಮೊದಲು ಬೇಕಾದ ಸಲಕರಣೆ ನಿಮ್ಮ ಮಾದರಿಯ ಸರ್ವಿಸ್ ಮ್ಯಾನುಯಲ್. ನಂತರ ಒಳ್ಳೆಯ ಸಾಕೆಟ್ ಸೆಟ್, 8ರಿಂದ 24 ಮಿ.ಮೀ.ವರೆಗಿನ ಸ್ಪ್ಯಾನರುಗಳು, ಬೋಲ್ಟಿನ ಬಿಗಿ ಅಳೆಯುವ ಟಾರ್ಕ್ ರೆಂಚ್, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ವರ್ನಿಯರ್ ಕ್ಯಾಲಿಪರ್, ಮಲ್ಟಿಮೀಟರ್, ವೈರಿನ ತುದಿ ಒತ್ತುವ ಕ್ರಿಂಪಿಂಗ್ ಇಕ್ಕಳ, ಬೆಂಚ್ ವೈಸ್, ಸುತ್ತಿಗೆಯಿಂದ ಹೊಡೆದರೆ ತಿರುಗುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಗಾಡಿಯನ್ನು ನೆಟ್ಟಗೆ ನಿಲ್ಲಿಸುವ ಸ್ಟ್ಯಾಂಡ್. ಆ್ಯಂಗಲ್ ಗ್ರೈಂಡರ್ ಮತ್ತು ವೆಲ್ಡಿಂಗ್ ಯಂತ್ರವನ್ನು ಕೊಳ್ಳುವ ಅಗತ್ಯವಿಲ್ಲ, ಬೇಕಾದ ದಿನ ಬಾಡಿಗೆಗೆ ತನ್ನಿ. ಕಣ್ಣಿನ ರಕ್ಷಣೆಯ ಕನ್ನಡಕ, ಕೈಗವಸು, ಪೆಟ್ರೋಲ್ ಬೆಂಕಿಗೆ ಆಗುವ ಬೆಂಕಿ ಆರಿಸುವ ಸಿಲಿಂಡರ್ ಇವು ಬಾಡಿಗೆಗೆ ತರುವ ವಸ್ತುಗಳಲ್ಲ, ಮೊದಲ ದಿನದಿಂದ ಇರಬೇಕು.

ಜಪಾನೀ ಗಾಡಿಗಳ ಪ್ಲಸ್ ತಲೆಯ ಸ್ಕ್ರೂಗಳ ಬಗ್ಗೆ ಹೊಸಬರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಅವು ಸಾಮಾನ್ಯ ಫಿಲಿಪ್ಸ್ ಸ್ಕ್ರೂಗಳಲ್ಲ, ಜೆಐಎಸ್ ಎಂಬ ಜಪಾನೀ ಮಾನದಂಡದವು. ಅನೇಕ ಸ್ಕ್ರೂಗಳ ತಲೆಯಲ್ಲಿ ಒಂದು ಪುಟ್ಟ ಚುಕ್ಕೆಯಿರುತ್ತದೆ. ಫಿಲಿಪ್ಸ್ ಡ್ರೈವರಿನ ತುದಿ ಅದರೊಳಗೆ ಪೂರ್ತಿ ಕೂರದೆ, ಬಲ ಹಾಕಿದಾಗ ಮೇಲಕ್ಕೆ ಜಾರಿ, ಗಾಡಿಯ ಮೆತ್ತನೆಯ ಸ್ಕ್ರೂ ತಲೆಯನ್ನು ದುಂಡಗೆ ಕೆರೆದುಬಿಡುತ್ತದೆ. ಜೆಐಎಸ್ ತುದಿಯನ್ನೇ ಹಿಡಿದು, ಸ್ಕ್ರೂ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾದು, ನಂತರ ಇಂಪ್ಯಾಕ್ಟ್ ಡ್ರೈವರಿನಿಂದ ಚಿಕ್ಕದಾಗಿ ಹೊಡೆದರೆ ಹತ್ತರಲ್ಲಿ ಒಂಬತ್ತು ಸ್ಕ್ರೂಗಳು ತಲೆ ಕೆಡದೆ ಬರುತ್ತವೆ.

ಹಂತ 4: ಇದ್ದ ರೂಪದಲ್ಲೇ ಎಂಜಿನ್ ಓಡಿಸಿ

ಈ ಹಂತವನ್ನು ಹಾರಿಸಿದವರೇ ಹೆಚ್ಚು ಸೋಲುತ್ತಾರೆ. ಗಾಡಿ ಪೂರ್ತಿಯಾಗಿರುವಾಗ ಎಂಜಿನ್ ಓಡಿಸಿ ನೋಡಿದರೆ ಗೇರು ಬೀಳುತ್ತದೆಯೇ, ಕ್ಲಚ್ ಹಿಡಿಯುತ್ತದೆಯೇ, ಹೊಗೆ ಯಾವ ಬಣ್ಣದ್ದು, ಚಾರ್ಜ್ ಆಗುತ್ತಿದೆಯೇ ಎಂಬುದೆಲ್ಲ ತಿಳಿದು, ಮುಂದಿನ ಖರ್ಚಿನ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ವರ್ಷಗಟ್ಟಲೆ ನಿಂತ ಎಂಜಿನನ್ನು ತಂದ ದಿನವೇ ಕಿಕ್ ಹೊಡೆಯಬೇಡಿ. ಪ್ಲಗ್ ತೆಗೆದು ಸಿಲಿಂಡರಿಗೆ ಸ್ವಲ್ಪ ಎಣ್ಣೆ ಬಿಟ್ಟು, ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ಬಿಗಿಯಾಗಿ ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ತುಂಬಿಸಿ ಕೆಲವು ದಿನ ಬಿಡಿ. ಕಿಕ್ ಮೇಲೆ ಹತ್ತಿ ಕುಣಿದರೆ ಕಿಕ್ ಗೇರಿನ ಹಲ್ಲು ಮುರಿಯುತ್ತದೆ. ಹಳೆಯ ಆಯಿಲ್ ಇಳಿಸಿ ನೋಡಿ: ಹಾಲು ಬೆರೆಸಿದ ಬಣ್ಣವಿದ್ದರೆ ನೀರು ಸೇರಿದೆ, ಹೊಳೆಯುವ ಲೋಹದ ಚೂರುಗಳಿದ್ದರೆ ಎಂಜಿನ್ ಬಿಚ್ಚಲೇಬೇಕು. ಹೊಸ ಆಯಿಲ್ ಹಾಕುವಾಗ ಡಬ್ಬದ ಮೇಲೆ ಜಾಸೊ ಎಂಎ (JASO MA) ಎಂಬ ಗುರುತಿರುವುದನ್ನೇ ಆರಿಸಿ. ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುವ ಕ್ಲಚ್, ಘರ್ಷಣೆ ತಗ್ಗಿಸುವ ದ್ರವ್ಯ ಬೆರೆತ ಕಾರಿನ ಆಯಿಲ್ ಹಾಕಿದರೆ ಜಾರತೊಡಗುತ್ತದೆ.

ಆಮೇಲೆ ಕಿಡಿ. ಪ್ಲಗ್ಗನ್ನು ಅದರ ಕ್ಯಾಪಿನಲ್ಲಿಟ್ಟು, ಪ್ಲಗ್ಗಿನ ಮೈಯನ್ನು ಎಂಜಿನ್ ಲೋಹಕ್ಕೆ ತಾಗಿಸಿ, ಪೆಟ್ರೋಲ್ ಹತ್ತಿರವಿಲ್ಲದಂತೆ ನೋಡಿಕೊಂಡು ಕಿಕ್ ಹೊಡೆದಾಗ ನೀಲಿ ಕಿಡಿ ಹಾರಬೇಕು. ಹಳದಿ ಬಣ್ಣದ ಬಡಕಲು ಕಿಡಿ ಬಂದರೆ ಹಳೆಯ ಗಾಡಿಗಳಲ್ಲಿ ಕಿಡಿಯ ವಿದ್ಯುತ್ತನ್ನು ಕೂಡಿಸಿ ಕಡಿಯುವ ಪಾಯಿಂಟುಗಳನ್ನು ಸ್ವಚ್ಛ ಮಾಡಿ ಅಂತರ ಹೊಂದಿಸಿ, ಅನೇಕ ಜಪಾನೀ ಗಾಡಿಗಳಲ್ಲಿ ಇದು 0.3ರಿಂದ 0.4 ಮಿ.ಮೀ.; ಪಾಯಿಂಟುಗಳ ನಡುವೆಯೇ ಕಿಡಿ ಹಾರುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಯಲ್ಲಿರುವಂತೆ ನಿಲ್ಲಿಸಿ, ವಾಲ್ವ್ ಅಂತರವನ್ನೂ ಮ್ಯಾನುಯಲ್‌ನಂತೆ ಹೊಂದಿಸಿಬಿಡಿ.

ಕಾರ್ಬುರೇಟರ್ ಸ್ವಚ್ಛ ಮಾಡುವಾಗ ಹೊಸಬರು ಎಡವುವುದು ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಬಿಡುವ ಪೈಲಟ್ ಜೆಟ್‌ನಲ್ಲಿ. ಆ ಜೆಟ್ಟನ್ನು ಬಿಚ್ಚಿ ಬೆಳಕಿಗೆ ಹಿಡಿಯಿರಿ. ನಡುವಿನ ರಂಧ್ರ ಬಲು ಸಣ್ಣದಾಗಿರುತ್ತದೆ. ಅದರೊಳಗಿಂದ ದುಂಡನೆಯ, ಅಂಚು ಸ್ಪಷ್ಟವಾಗಿರುವ ಬೆಳಕಿನ ಚುಕ್ಕೆ ಕಾಣಬೇಕು. ಚುಕ್ಕೆ ಮಸುಕಾಗಿದ್ದರೆ ಅಥವಾ ಅರ್ಧಚಂದ್ರದಂತಿದ್ದರೆ ಹಳೆಯ ಪೆಟ್ರೋಲಿನ ಅಂಟು ಇನ್ನೂ ಉಳಿದಿದೆ. ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿ ತೆಗೆಯಿರಿ, ಉಕ್ಕಿನ ತಂತಿ ತೂರಿಸಿದರೆ ರಂಧ್ರ ಅಗಲವಾಗಿ ಆ ಜೆಟ್ ಹಾಳಾಗುತ್ತದೆ. ಕ್ಲೀನರ್ ಸಿಂಪಡಿಸುವ ಮೊದಲು ರಬ್ಬರಿನ ಎಲ್ಲ ಭಾಗಗಳನ್ನು ಹೊರತೆಗೆದಿಡಿ, ಮಿಶ್ರಣದ ಸ್ಕ್ರೂ ಬಿಚ್ಚುವ ಮೊದಲು ಅದನ್ನು ಒಳಕ್ಕೆ ಮೆಲ್ಲಗೆ ತಾಗುವವರೆಗೆ ತಿರುಗಿಸಿ ಎಷ್ಟು ಸುತ್ತಾಯಿತೆಂದು ಬರೆದಿಟ್ಟುಕೊಳ್ಳಿ.

ಮೊದಲ ಸಲ ಓಡಿಸುವಾಗ ಗಾಡಿಯ ತುಕ್ಕು ಹಿಡಿದ ಟ್ಯಾಂಕ್ ಬಳಸದೆ, ಪೆಟ್ರೋಲ್ ತಾಳುವ ಸಣ್ಣ ಹೊರ ಟ್ಯಾಂಕಿನಿಂದ ಹೊಸ ಪೆಟ್ರೋಲ್ ಕೊಡಿ. ಈ ಕೆಲಸ ಬಯಲಿನಲ್ಲಿ ನಡೆಯಲಿ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ ಬರುವ ನೀಲಿ ಹೊಗೆ ಎಂಜಿನ್ ಆಯಿಲ್ ಸುಡುತ್ತಿರುವುದರ ಗುರುತು; ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿರುವುದನ್ನು ತೋರಿಸುತ್ತದೆ.

ಟ್ಯಾಂಕನ್ನು ಈ ನಡುವೆ ಒಳಗಿನಿಂದ ತೊಳೆಯಬಹುದು. ಪೆಟ್ರೋಲ್ ಕಾಕ್ ತೆಗೆದು ತೂತು ಮುಚ್ಚಿ, ಬಿಸಿನೀರಿನಲ್ಲಿ ಸಿಟ್ರಿಕ್ ಆಮ್ಲ ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ, ಮುಚ್ಚಳವನ್ನು ಮಾತ್ರ ಬಿಗಿ ಮಾಡಬೇಡಿ. ಮಾರನೆಯ ದಿನ ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ತಡಮಾಡದೆ ಬಿಸಿಗಾಳಿಯಿಂದ ಒಣಗಿಸಿ ಎಣ್ಣೆಯ ತೆಳು ಪದರ ಹಿಡಿಸಿ. ಒದ್ದೆಯಾಗಿಯೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಹಿಡಿದಿರುತ್ತದೆ. ಟ್ಯಾಂಕಿಗೆ ತೂತಾಗಿದ್ದರೆ ನೀವೇ ವೆಲ್ಡ್ ಮಾಡಲು ಹೋಗಬೇಡಿ. ಖಾಲಿಯಾದ ಟ್ಯಾಂಕಿನೊಳಗಿನ ಆವಿಯೇ ಸ್ಫೋಟಿಸುತ್ತದೆ.

ಹಂತ 5: ನಿಲ್ಲುವ ವ್ಯವಸ್ಥೆ

ಎಂಜಿನ್ ಓಡಿದ ಮೇಲೆ ಮೊದಲ ಹಣ ಹೋಗಬೇಕಾದದ್ದು ಟೈರು ಮತ್ತು ಬ್ರೇಕಿಗೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಮೂರೇ ಅಂಕಿಗಳಿದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಹಲ್ಲುಗಳು ಸವೆಯದೆ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತವಿರುವುದಿಲ್ಲ. ಬದಲಿಸುವಾಗ ಟ್ಯೂಬನ್ನೂ ರಿಮ್ಮಿನ ಒಳಗಿನ ಪಟ್ಟಿಯನ್ನೂ ಹೊಸದು ಹಾಕಿ.

ಡ್ರಮ್ ಬ್ರೇಕ್ ತೆರೆದಾಗ ಕಾಣುವ ಧೂಳನ್ನು ಗಾಳಿ ಊದಿ ತೆಗೆಯಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಹೊಸ ಶೂ ಕೂರಿಸಿದ ಮೇಲೆ ಬ್ರೇಕ್ ಪೂರ್ತಿ ಹಿಡಿದಾಗ ಡ್ರಮ್ಮಿನ ಮೇಲಿನ ಲಿವರ್ ಮತ್ತು ಅದನ್ನು ಎಳೆಯುವ ರಾಡಿನ ನಡುವಿನ ಕೋನ 90 ಡಿಗ್ರಿಗೆ ಹತ್ತಿರವಿರಬೇಕು, ಅದಕ್ಕಿಂತ ಮುಂದೆ ಹೋಗಬಾರದು. ಡಿಸ್ಕ್ ಬ್ರೇಕಿದ್ದರೆ ರಬ್ಬರ್ ಸೀಲುಗಳನ್ನೂ ಹಳೆಯ ಹೋಸನ್ನೂ ಬದಲಿಸಿ, ಮಾಸ್ಟರ್ ಸಿಲಿಂಡರಿನ ಮುಚ್ಚಳದ ಮೇಲೆ ಬರೆದಿರುವ ದ್ರವವನ್ನೇ ಹಾಕಿ. ಡಾಟ್ 3 ಮತ್ತು ಡಾಟ್ 4 ಗ್ಲೈಕಾಲ್ ಆಧಾರಿತವಾದವು, ಡಾಟ್ 5 ಸಿಲಿಕೋನ್ ಆಧಾರಿತ, ಇದನ್ನು ಮೊದಲೆರಡರ ಜೊತೆ ಬೆರೆಸಲೇಬಾರದು.

ಚಕ್ರದ ಬೇರಿಂಗು, ಸ್ಟಿಯರಿಂಗ್ ಬೇರಿಂಗು, ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಬುಷ್ ಇವುಗಳ ಬೆಲೆ ಕಡಿಮೆ, ಫಲ ದೊಡ್ಡದು. ಅನುಮಾನವಿದ್ದದ್ದನ್ನೆಲ್ಲ ಬದಲಿಸಿಬಿಡಿ.

ಹಂತ 6: ಬಿಚ್ಚುವುದು

ಪ್ರತಿ ಭಾಗವನ್ನೂ ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಹತ್ತಿರದಿಂದ ಒಂದು, ಸುತ್ತಲಿನ ಭಾಗಗಳು ಕಾಣುವಂತೆ ದೂರದಿಂದ ಇನ್ನೊಂದು. ಕೇಬಲುಗಳು ಮತ್ತು ವೈರುಗಳು ಫ್ರೇಮಿನ ಯಾವ ಬದಿಯಿಂದ ಹಾದುಹೋಗುತ್ತವೆ ಎಂಬುದು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಒಂದು ಜಾಗದ ಬೋಲ್ಟುಗಳನ್ನು ಒಂದೇ ಚೀಲಕ್ಕೆ ಹಾಕಿ ಹೆಸರು ಬರೆಯಿರಿ. ಕ್ರ್ಯಾಂಕ್‌ಕೇಸ್ ಮುಚ್ಚಳದ ಸ್ಕ್ರೂಗಳು ಬೇರೆ ಬೇರೆ ಉದ್ದವಿರುವುದರಿಂದ, ರಟ್ಟಿನ ಮೇಲೆ ಮುಚ್ಚಳದ ಆಕಾರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಸೈಲೆನ್ಸರ್ ಕಟ್ಟುವ ಸ್ಟಡ್‌ಗಳು ತುಕ್ಕಿನಿಂದ ಬಲು ಸುಲಭವಾಗಿ ಮುರಿಯುತ್ತವೆ, ಅವುಗಳಿಗೆ ದಿನಗಟ್ಟಲೆ ಎಣ್ಣೆ ಕುಡಿಸಿ, ಬಿಸಿ ಮಾಡಿ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿಮಾಡುತ್ತ ಹೊರತೆಗೆಯಿರಿ. ಓಡಿ, ಆರೋಗ್ಯವಾಗಿದೆ ಎಂದು ಖಚಿತವಾದ ಎಂಜಿನನ್ನು ಕುತೂಹಲಕ್ಕೆಂದು ಬಿಚ್ಚಬೇಡಿ.

ಹಂತ 7: ಬಣ್ಣವಿಲ್ಲದ ಜೋಡಣೆ

ಗಾಡಿಯ ಹೊಸ ರೂಪ ನಿರ್ಧಾರವಾಗುವುದು ಇಲ್ಲಿ. ಬರಿ ಲೋಹದ ಫ್ರೇಮಿನ ಮೇಲೆ ಎಂಜಿನ್, ಚಕ್ರ, ಟ್ಯಾಂಕ್, ಹೊಸ ಹ್ಯಾಂಡಲ್, ಸೀಟಿನ ತಟ್ಟೆ, ದೀಪಗಳನ್ನೆಲ್ಲ ಕೂರಿಸಿ, ಬ್ಯಾಟರಿ ಎಲ್ಲಿ ಕೂರುತ್ತದೆ, ಕಿಡಿಗೆ ವಿದ್ಯುತ್ ಕೊಡುವ ಕಾಯಿಲ್ ಎಲ್ಲಿ, ನಂಬರ್ ಪ್ಲೇಟ್ ಎಲ್ಲಿ ಎಂದು ಒಂದೊಂದಕ್ಕೂ ಜಾಗ ಗೊತ್ತುಮಾಡಿ. ಸೀಟನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಮಾಡಿನೋಡಿ. ಎಲ್ಲ ಕೊರೆಯುವ, ಕತ್ತರಿಸುವ, ವೆಲ್ಡ್ ಮಾಡುವ ಕೆಲಸ ಈ ಹಂತದಲ್ಲೇ ಮುಗಿಯಬೇಕು. ಬಣ್ಣ ಹಚ್ಚಿದ ಫ್ರೇಮಿಗೆ ಮತ್ತೆ ಒಂದು ಬ್ರಾಕೆಟ್ ವೆಲ್ಡ್ ಮಾಡಿದರೆ ಆ ಬಣ್ಣದ ಹಣ ಪೂರ್ತಿ ನಷ್ಟ.

ಹಿಂಭಾಗದ ಫ್ರೇಮನ್ನು ಗಿಡ್ಡ ಮಾಡಲೇಬೇಕಿದ್ದರೆ ಶಾಕ್ ಅಬ್ಸಾರ್ಬರಿನ ಮೇಲಿನ ಹಿಡಿಕೆಯಿಂದ ಹಿಂದಕ್ಕಿರುವ ಭಾಗವನ್ನು ಮಾತ್ರ ಕತ್ತರಿಸಿ, ಅಲ್ಲಿಗೆ ಬಾಗಿಸಿದ ಕೊಳವೆಯೊಂದನ್ನು ಅನುಭವವಿರುವ ವೆಲ್ಡರ್ ಕೈಯಲ್ಲಿ ಬೆಸೆಸಿ. ವೆಲ್ಡ್ ಮಾಡುವ ಮೊದಲು ಬ್ಯಾಟರಿಯನ್ನೂ, ಚಾರ್ಜಿನ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರನ್ನೂ ಕಳಚಿ. ವೆಲ್ಡ್ ಮಾಡುವ ಜಾಗವನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ: ಕ್ಲೋರಿನ್ ಇರುವ ಕ್ಲೀನರ್ ವೆಲ್ಡಿಂಗ್ ಶಾಖಕ್ಕೆ ಸಿಕ್ಕರೆ ಫಾಸ್ಜೀನ್ ಎಂಬ ಪ್ರಾಣಾಪಾಯದ ಅನಿಲವಾಗುತ್ತದೆ.

ಹ್ಯಾಂಡಲ್ ಬದಲಿಸಿದ ಮೇಲೆ ಅದನ್ನು ಎಡತುದಿಯಿಂದ ಬಲತುದಿಯವರೆಗೆ ತಿರುಗಿಸುತ್ತ ಮೂರು ವಿಷಯ ನೋಡಿ: ಹಿಡಿ ಟ್ಯಾಂಕಿಗೆ ತಾಗಿ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆಯೇ, ಕೇಬಲುಗಳು ಎಳೆದುಕೊಳ್ಳುತ್ತವೆಯೇ, ಎಂಜಿನ್ ಓಡುತ್ತಿರುವಾಗ ಹ್ಯಾಂಡಲ್ ತಿರುಗಿಸಿದರೆ ಅದರ ವೇಗ ತಾನಾಗಿ ಏರುತ್ತದೆಯೇ. ಮೂರನೆಯದು ಕಂಡರೆ ಆಕ್ಸಿಲರೇಟರ್ ಕೇಬಲ್ ಚಿಕ್ಕದಾಗಿದೆ ಎಂದರ್ಥ, ಅದು ತಿರುವಿನಲ್ಲಿ ಸವಾರನನ್ನು ಕೆಡವಬಲ್ಲದು. ಫ್ರೇಮಿನಲ್ಲಿ ಹ್ಯಾಂಡಲ್ ತಿರುಗುವುದನ್ನು ತಡೆಯುವ ಗಟ್ಟಿ ಅಂಚುಗಳನ್ನು ಯಾವ ಕಾರಣಕ್ಕೂ ಉಜ್ಜಿ ತೆಗೆಯಬೇಡಿ.

ಗಾಡಿಯ ಎತ್ತರ ಬದಲಿಸುವವರು ಒಂದು ಪರೀಕ್ಷೆ ಮಾಡಲೇಬೇಕು. ಫೋರ್ಕಿನ ಮತ್ತು ಶಾಕಿನ ಸ್ಪ್ರಿಂಗ್ ತೆಗೆದು ಗಾಡಿಯನ್ನು ಪೂರ್ತಿ ಕೆಳಕ್ಕೆ ಒತ್ತಿದಾಗ ಟೈರು ಮಡ್‌ಗಾರ್ಡಿಗಾಗಲಿ, ಸೀಟಿನ ತಳಕ್ಕಾಗಲಿ, ವೈರುಗಳಿಗಾಗಲಿ ತಾಗಬಾರದು. ಮುಂಭಾಗ ತಗ್ಗಿಸಿದಷ್ಟೂ, ಹಿಂಭಾಗ ಎತ್ತಿದಷ್ಟೂ ಫೋರ್ಕ್ ಕಡಿದಾಗಿ ನಿಂತು, ವೇಗದಲ್ಲಿ ಗಾಡಿಯ ಸ್ಥಿರತೆ ಕಡಿಮೆಯಾಗುತ್ತದೆ. ಮೊದಲ ಗಾಡಿಯಲ್ಲಿ ಎತ್ತರಕ್ಕೆ ಕೈಹಾಕದಿರುವುದೇ ಲೇಸು.

ಏರ್ ಫಿಲ್ಟರ್ ಪೆಟ್ಟಿಗೆ ಕಿತ್ತೆಸೆದು ಕಾರ್ಬುರೇಟರಿಗೆ ನೇರವಾಗಿ ಸಣ್ಣ ಫಿಲ್ಟರ್ ಸಿಕ್ಕಿಸುವುದು ಎಲ್ಲರಿಗೂ ಇಷ್ಟವಾದ ಬದಲಾವಣೆ, ಹೊಸಬರಿಗೆ ಹೆಚ್ಚು ಕಾಟ ಕೊಡುವ ಬದಲಾವಣೆಯೂ ಹೌದು. ಗಾಳಿ ಹೆಚ್ಚಾಗಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ಬಡವಾಗುತ್ತದೆ, ಎಂಜಿನ್ ಅತಿಯಾಗಿ ಕಾಯುತ್ತದೆ, ಪಿಸ್ಟನ್ ಹಿಡಿದುಕೊಳ್ಳಬಹುದು. ಒಳಗಿನ ಸ್ಲೈಡ್ ನಿರ್ವಾತದಿಂದ ಏಳುವ ಸಿವಿ ಕಾರ್ಬುರೇಟರುಗಳಲ್ಲಿ ನಡು ವೇಗದಲ್ಲಿ ಎಂಜಿನ್ ತಡವರಿಸುತ್ತದೆ, ಜೆಟ್ ಬದಲಿಸಿದರೂ ಸುಲಭಕ್ಕೆ ಸರಿಹೋಗುವುದಿಲ್ಲ. ಖರ್ಚು ಉಳಿಸಬೇಕಿದ್ದರೆ ಮೂಲ ಪೆಟ್ಟಿಗೆಯನ್ನೇ ಉಳಿಸಿಕೊಳ್ಳಿ.

ಹಂತ 8: ವೈರಿಂಗ್

ಹೊಸ ವೈರಿಂಗನ್ನು ಕಾಗದದ ಮೇಲೆ ಪೂರ್ತಿ ಬರೆದ ಮೇಲೆಯೇ ವೈರಿಗೆ ಕತ್ತರಿ ಹಾಕಿ. ಬ್ಯಾಟರಿಯ ಪ್ಲಸ್ ತುದಿಯಿಂದ ಹೊರಟ ವೈರು, ಆದಷ್ಟು ಹತ್ತಿರದಲ್ಲೇ, ಮುಖ್ಯ ಫ್ಯೂಸಿಗೆ ಹೋಗಬೇಕು. ಅಲ್ಲಿಂದ ಇಗ್ನಿಷನ್ ಸ್ವಿಚ್, ಅಲ್ಲಿಂದ ದೀಪ, ಹಾರ್ನ್, ಇಂಡಿಕೇಟರ್, ಕಾಯಿಲ್ ಎಂದು ಬೇರೆ ಬೇರೆ ಸಾಲುಗಳು. ಫ್ಯೂಸಿನ ಗಾತ್ರ ವೈರು ತಾಳುವುದಕ್ಕಿಂತ ಕಡಿಮೆಯಿರಬೇಕು. 12 ವೋಲ್ಟಿನಲ್ಲಿ 55 ವ್ಯಾಟಿನ ಹೆಡ್‌ಲೈಟ್ ಸುಮಾರು 4.6 ಆಂಪಿಯರ್ ಎಳೆಯುತ್ತದೆ. ಹೀಗೆ ಎಲ್ಲವನ್ನೂ ಕೂಡಿಸಿ, ನಿಮ್ಮ ಗಾಡಿಯಲ್ಲಿ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಅಷ್ಟು ಕೊಡಬಲ್ಲದೇ ಎಂದು ಮ್ಯಾನುಯಲ್‌ನಲ್ಲಿ ನೋಡಿ; ಕೆಲವು ಹಳೆಯ ಗಾಡಿಗಳು 6 ವೋಲ್ಟಿನವು ಎಂಬುದೂ ಗಮನದಲ್ಲಿರಲಿ.

ವೈರುಗಳ ಕೂಡುತಾಣದಲ್ಲಿ ಬೆಸುಗೆಗಿಂತ ಒಳ್ಳೆಯ ಕ್ರಿಂಪ್ ಕನೆಕ್ಟರ್ ಮೇಲು, ಏಕೆಂದರೆ ಬೆಸುಗೆ ಮುಗಿಯುವ ಅಂಚಿನಲ್ಲಿ ವೈರು ಗಟ್ಟಿಯಾಗಿ ಎಂಜಿನ್ ಅದುರಾಟಕ್ಕೆ ಮುರಿಯುತ್ತದೆ. ಪ್ರತಿ ಅರ್ಥಿಂಗ್ ವೈರೂ ಬರಿ ಲೋಹಕ್ಕೆ ತಾಗಬೇಕು. ದೀಪ ಮಂಕಾಗಿ ಉರಿಯುವುದು, ಇಂಡಿಕೇಟರ್ ಹಾಕಿದರೆ ಇನ್ನೊಂದು ದೀಪ ಮಿನುಗುವುದು ಇವೆಲ್ಲ ಬಹುಪಾಲು ಅರ್ಥಿಂಗ್ ದೋಷಗಳೇ. ಎಲ್‌ಇಡಿ ಇಂಡಿಕೇಟರ್ ಹಾಕಿದರೆ ಅದಕ್ಕೆ ಹೊಂದುವ ಫ್ಲಾಶರ್ ಹಾಕಿ, ಹಳೆಯದರಲ್ಲಿ ಅವು ಮಿನುಗುವುದೇ ಇಲ್ಲ ಅಥವಾ ಅತಿ ವೇಗವಾಗಿ ಮಿನುಗುತ್ತವೆ.

ಕೊನೆಗೆ ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿಯಿರಿ. ತುಂಬಿದ 12 ವೋಲ್ಟ್ ಬ್ಯಾಟರಿ ಎಂಜಿನ್ ನಿಂತಾಗ ಸುಮಾರು 12.6 ತೋರಿಸಬೇಕು, ಎಂಜಿನ್ ವೇಗ ಏರಿಸಿದಾಗ 13.5ರಿಂದ 14.5ರ ನಡುವೆ ನಿಲ್ಲಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದಿಯುವ ಮೊದಲು ಎಂಜಿನ್ ಆರಿಸಿ.

ಹಂತ 9: ಬಣ್ಣ ಹಚ್ಚುವ ಮೊದಲೇ ಓಡಿಸಿ

ಕೊಳಕಾಗಿ ಕಂಡರೂ ಗಾಡಿಯನ್ನು ಈ ಸ್ಥಿತಿಯಲ್ಲೇ, ದಾಖಲೆಗಳು ಸರಿಯಿದ್ದು ದೀಪ ಕನ್ನಡಿಗಳಿದ್ದರೆ, ನೂರಿನ್ನೂರು ಕಿಲೋಮೀಟರ್ ಓಡಿಸಿ. ಸೋರುವುದು ಸೋರುತ್ತದೆ, ಸಡಿಲಾಗುವುದು ಸಡಿಲಾಗುತ್ತದೆ, ಸೀಟು ಎಲ್ಲಿ ನೋಯಿಸುತ್ತದೆ ಎಂದೂ ತಿಳಿಯುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ಪ್ಲಗ್ ತೆಗೆದು ನೋಡಿ: ತಿಳಿ ಕಂದು ಬಣ್ಣ ಒಳ್ಳೆಯದು, ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ, ಮಸಿಗಟ್ಟಿ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು. ಇಲ್ಲಿ ಕಂಡ ದೋಷಗಳನ್ನೆಲ್ಲ ತಿದ್ದಿದ ಮೇಲೆಯೇ ಬಣ್ಣಕ್ಕಾಗಿ ಮತ್ತೆ ಬಿಚ್ಚಿ.

ಹಂತ 10: ಬಣ್ಣ

ಬಣ್ಣದ ಗುಣ ನಿರ್ಧಾರವಾಗುವುದು ಅದರ ಕೆಳಗಿನ ಮೇಲ್ಮೈಯಲ್ಲಿ. ಹಳೆಯ ಬಣ್ಣ ಮತ್ತು ತುಕ್ಕನ್ನು 80ರ ಸ್ಯಾಂಡ್ ಪೇಪರ್ ಕಾಗದದಿಂದ ಶುರುಮಾಡಿ 180, 320 ಎಂದು ನುಣುಪು ಮಾಡುತ್ತ ಬಂದು, ಎಣ್ಣೆಯಂಶ ಒರೆಸಿ, ಪ್ರೈಮರ್ ಹಚ್ಚಿ, ಅದನ್ನು 600ರ ಕಾಗದದಿಂದ ನೀರು ಹಾಕಿ ಉಜ್ಜಿ. ಒಂದು ದಪ್ಪ ಪದರ ಇಳಿದು ಗೆರೆಗಟ್ಟುತ್ತದೆ, ಮೂರು ತೆಳು ಪದರ ಚೆನ್ನಾಗಿ ಕೂರುತ್ತವೆ.

ಟ್ಯಾಂಕಿನ ವಿಷಯದಲ್ಲಿ ಹಣ ಉಳಿಸಲು ಸಾಮಾನ್ಯ ಸ್ಪ್ರೇ ಡಬ್ಬದ ಕ್ಲಿಯರ್ ಕೋಟ್ ಹಚ್ಚಿದವರು, ಪೆಟ್ರೋಲ್ ತುಂಬಿಸುವಾಗ ನಾಲ್ಕು ಹನಿ ಚೆಲ್ಲಿದೊಡನೆ ಬಣ್ಣ ಮೆತ್ತಗಾಗಿ ಏಳುವುದನ್ನು ನೋಡಬೇಕಾಗುತ್ತದೆ. ಅದಕ್ಕೆ ಗಟ್ಟಿಕಾರಕ ಬೆರೆಯುವ 2ಕೆ ಕ್ಲಿಯರ್ ಕೋಟ್ ಬೇಕು. ಇದರಲ್ಲಿ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡುವ ಐಸೊಸಯನೇಟ್ ಇರುತ್ತದೆ, ಬಟ್ಟೆಯ ಮಾಸ್ಕ್ ಏನೂ ಸಾಲದು. ಸರಿಯಾದ ಉಸಿರಾಟದ ರಕ್ಷಣೆ ಇಲ್ಲದಿದ್ದರೆ ಆ ಒಂದು ಪದರವನ್ನು ಪೇಂಟರಿಗೆ ಕೊಟ್ಟು ಮಾಡಿಸಿ.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವುದಾದರೆ ಅದನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ ಎಂಬುದು ನೆನಪಿರಲಿ. ಬೇರಿಂಗು, ರಬ್ಬರು, ಬುಷ್ ಎಲ್ಲ ಹೊರಗಿರಬೇಕು. ಬೋಲ್ಟ್ ಕೂರುವ ತೂತುಗಳ ಒಳಗಿನ ಥ್ರೆಡ್ಡುಗಳು, ಬೇರಿಂಗ್ ಕೂರುವ ಜಾಗ, ಅರ್ಥಿಂಗ್ ಬಿಂದು, ಫ್ರೇಮ್ ಸಂಖ್ಯೆ ಇವುಗಳನ್ನು ಮುಚ್ಚಿ ಹಚ್ಚಲು ಬರೆದುಕೊಡಿ. ಸಂಖ್ಯೆ ದಪ್ಪ ಪದರದಡಿ ಹೂತುಹೋದರೆ ಮುಂದೆ ತಪಾಸಣೆಯಲ್ಲಿ ತೊಂದರೆಯಾಗುತ್ತದೆ.

ಹಂತ 11: ಕೊನೆಯ ಜೋಡಣೆ ಮತ್ತು ಮೊದಲ ಸವಾರಿಗಳು

ಫ್ರೇಮಿಗೆ ದಪ್ಪ ಟೇಪು ಸುತ್ತಿ ಎಂಜಿನನ್ನು ಮೊದಲು ಕೂರಿಸಿ, ನಂತರ ಸ್ವಿಂಗ್ ಆರ್ಮ್, ಫೋರ್ಕ್, ಚಕ್ರ, ವೈರಿಂಗ್, ಕೊನೆಗೆ ಟ್ಯಾಂಕ್. ಬೋಲ್ಟುಗಳನ್ನು ಅಂದಾಜಿನ ಬಿಗಿಯಲ್ಲಿ ಬಿಡಬೇಡಿ. ಮ್ಯಾನುಯಲ್ ಬೇರೆ ಹೇಳದಿದ್ದರೆ ಅಲ್ಯೂಮಿನಿಯಮ್ಮಿನಲ್ಲಿ ಕೂರುವ ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಕೈಬಲದಿಂದ ಇನ್ನೊಂದು ಕಾಲು ಸುತ್ತು ತಿರುಗಿಸಿದವರು ಥ್ರೆಡ್ ಕಿತ್ತುಕೊಂಡು ಬರುವುದನ್ನು ಕಾಣುತ್ತಾರೆ. ಹೊಸ ಚೈನಿನ ಸಡಿಲವನ್ನು ಮ್ಯಾನುಯಲ್ ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ 20ರಿಂದ 30 ಮಿ.ಮೀ.; ಸವಾರ ಕುಳಿತಾಗ ಅದು ತಂತಿಯಂತೆ ಬಿಗಿಯಾದರೆ ಗೇರ್‌ಬಾಕ್ಸಿನ ಬೇರಿಂಗ್ ಹೋಗುತ್ತದೆ. ಸ್ವಿಂಗ್ ಆರ್ಮ್ ಮೇಲಿನ ಗುರುತುಗಳನ್ನೇ ನಂಬದೆ, ಎರಡೂ ಬದಿಯಲ್ಲಿ ದಾರ ಎಳೆದು ಚಕ್ರಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಿ.

ಮೊದಲ ಸವಾರಿ ವಾಹನಗಳಿಲ್ಲದ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಬರಿ ಬ್ರೇಕ್ ಪರೀಕ್ಷೆಗಾಗಿ ನಡೆಯಲಿ. ಹೊಸ ಶೂ ಮತ್ತು ಹೊಸ ಟೈರು ಎರಡೂ ಮೊದಲಿಗೆ ಪೂರ್ತಿ ಹಿಡಿಯುವುದಿಲ್ಲ, ಅವು ಪಳಗುವವರೆಗೆ ವಾಲಿಸಿ ತಿರುಗಿಸಬೇಡಿ. 50 ಕಿಲೋಮೀಟರ್ ಆದ ಮೇಲೆ ಆ್ಯಕ್ಸಲ್ ನಟ್ಟು, ಎಂಜಿನ್ ಕಟ್ಟಿದ ಬೋಲ್ಟು, ಹ್ಯಾಂಡಲ್ ಕ್ಲಾಂಪು, ಬ್ರೇಕ್ ರಾಡಿನ ಪಿನ್ನು ಇವುಗಳ ಬಿಗಿಯನ್ನು ಮತ್ತೆ ನೋಡಿ, ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಸಡಿಲಾದ ಕಡ್ಡಿ ಉಳಿದವುಗಳಂತೆ ಟಿಣ್ ಎನ್ನದೆ ಮಂದ ಸದ್ದು ಕೊಡುತ್ತದೆ. ರಿಂಗ್ ಅಥವಾ ಪಿಸ್ಟನ್ ಬದಲಿಸಿದ್ದರೆ ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸದೆ ವೇಗ ಬದಲಿಸುತ್ತಿರಿ, ಮೊದಲ ಆಯಿಲನ್ನು ಬೇಗ ಇಳಿಸಿ. ಬಿಸಿಯಾದಂತೆ ಬಲ ಕುಂದುವುದು, ಆಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುವುದು, ಹ್ಯಾಂಡಲ್ ಅಲುಗಾಡುವುದು, ವೈರು ಸುಟ್ಟ ವಾಸನೆ ಬರುವುದು ಇವುಗಳಲ್ಲಿ ಯಾವುದು ಕಂಡರೂ ಮನೆಯವರೆಗೆ ಓಡಿಸಿಕೊಂಡು ಹೋಗಿ ನೋಡೋಣ ಎನ್ನದೆ ಅಲ್ಲೇ ಗಾಡಿ ನಿಲ್ಲಿಸಿ. ಹೊರಡುವಾಗ ಪ್ಲಗ್ ಸ್ಪ್ಯಾನರ್, ಒಂದು ಹೊಸ ಪ್ಲಗ್, ಎರಡು ಫ್ಯೂಸ್, ಸ್ವಲ್ಪ ವೈರು, ಒಂದು ಇಕ್ಕಳ ಸೀಟಿನಡಿ ಇರಲಿ.